ಬೇಡ ಎನ್ನಲು ಇನ್ನೊಬ್ಬರು

ಮಗುವಿನ ಫೋಟೊ ಬಂದಾಗ ವಾಣಿ ಶಂಕರಪುರಂನ ಒಂದು ನರ್ಸಿಂಗ್ ಹೋಮಿನ ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು, ವಯಸ್ಸಾದ ಒಬ್ಬರಿಗೆ ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಊಟದ ಮೇಲೆ ಎಂದು ವಿವರಿಸುತ್ತಿದ್ದಳು. ಅವರನ್ನು ಕಳಿಸಿ ಫೋನ್ ತೆರೆದಳು. ನಾಲ್ಕು ವರ್ಷದ ಹೆಣ್ಣುಮಗು. ಹೇನಾಗಿತ್ತೋ ಏನೋ, ತಲೆ ನುಣ್ಣಗೆ ಬೋಳಿಸಿದ್ದರು. ಫೋಟೊಗೆಂದು ಯಾರೋ ತೊಡಿಸಿದ್ದ ಹಳದಿ ಫ್ರಾಕು ಅಳತೆಗೆ ದೊಡ್ಡದಾಗಿ ಒಂದು ಭುಜದಿಂದ ಜಾರಿತ್ತು. ಮಗು ಕ್ಯಾಮೆರಾ ನೋಡುತ್ತಿರಲಿಲ್ಲ. ಫೋಟೊ ತೆಗೆಯುತ್ತಿದ್ದವರ ಕಾಲ ಬುಡದಲ್ಲಿ ಏನನ್ನೋ ಬಲು ಅನುಮಾನದಿಂದ ದಿಟ್ಟಿಸುತ್ತಿತ್ತು. ಹೆಸರು ಯಶಶ್ರೀ.

ವಾಣಿಗೆ ಆ ಕ್ಷಣವೇ ತಿಳಿದುಹೋಯಿತು. ಕಣ್ಣಲ್ಲಿ ನೀರು ಬರಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ. ಮಳೆ ಬರುತ್ತದೆ ಎಂದು ಗೊತ್ತಾಗುವ ಹಾಗೆ ಗೊತ್ತಾಯಿತು, ಅಷ್ಟೇ. ಇದು ನನ್ನ ಮಗು.

ದತ್ತು ತೆಗೆದುಕೊಳ್ಳಲು ಹೆಸರು ನೋಂದಾಯಿಸಿ ಮೂರು ವರ್ಷವಾಗಿತ್ತು. ಅದಕ್ಕೂ ಮೊದಲು ಆಸ್ಪತ್ರೆ, ಇಂಜೆಕ್ಷನ್ನು, ಹರಕೆ ಎಲ್ಲ ಮುಗಿದಿತ್ತು. ಇನ್ನು ಎರಡು ದಿನದೊಳಗೆ ಗಂಡಹೆಂಡತಿ ಇಬ್ಬರೂ ಒಪ್ಪಿಗೆ ತಿಳಿಸಬೇಕು. ತಿಳಿಸದಿದ್ದರೆ ಮಗುವಿನ ವಿವರ ಸರದಿಯಲ್ಲಿ ಕಾಯುತ್ತಿರುವ ಮುಂದಿನವರಿಗೆ ಹೋಗುತ್ತದೆ.

ಅವಳು ಗಂಡ ಶಶಿಕುಮಾರನಿಗೆ ಫೋನ್ ಮಾಡಿದಳು. ಅವನು ತರಗುಪೇಟೆಯಲ್ಲಿದ್ದ. ಅಲ್ಲಿ ಅವನ ಮನೆತನದವರಿಗೆ ಸೇರಿದ ಎರಡು ಕಟ್ಟಡಗಳಿದ್ದವು. ಬೇಳೆಕಾಳಿನ ವ್ಯಾಪಾರಿಗಳು ಅವನ್ನು ಗೋಡೌನ್ ಮಾಡಿಕೊಂಡಿದ್ದರು. ಬಾಡಿಗೆ ವಸೂಲಿ, ರಿಪೇರಿ ನೋಡಿಕೊಳ್ಳುವುದೇ ಅವನ ಕೆಲಸ.

"ಫೋಟೊ ನೋಡಿದ್ರಾ?"

"ನೋಡ್ದೆ, ನೋಡ್ದೆ. ಮುದ್ದಾಗಿದೆ ಅಲ್ವಾ?" ಶಶಿಕುಮಾರನ ದನಿಯಲ್ಲಿ ಖುಷಿ ಇತ್ತು. ಆಮೇಲೆ ಸ್ವಲ್ಪ ತಡೆದು, "ಒಂದ್ ಮಾತು ದೊಡ್ಡಪ್ಪನ್ನ ಕೇಳ್ಬಿಡಣ ವಾಣಿ" ಎಂದ.

ಈ ಒಂದು ಮಾತನ್ನು ವಾಣಿ ಮದುವೆಯಾದಂದಿನಿಂದ ಕೇಳಿಕೊಂಡು ಬಂದಿದ್ದಳು. ಕೊಳ್ಳುವ ಫ್ರಿಜ್ಜಿಗೆ ಒಂದು ಬಾಗಿಲಿರಬೇಕೋ ಎರಡೋ, ಅತ್ತೆಯ ಕಣ್ಣಿನ ಪೊರೆಯನ್ನು ಯಾವ ಡಾಕ್ಟರ ಹತ್ತಿರ ತೆಗೆಸಬೇಕು, ಹಾಲ್‌ಗೆ ಯಾವ ಬಣ್ಣ ಹೊಡೆಸಬೇಕು, ಎಲ್ಲಕ್ಕೂ ದೊಡ್ಡಪ್ಪನ್ನ ಕೇಳ್ಬಿಡಣ. ದೊಡ್ಡಪ್ಪ ಊರಲ್ಲಿಲ್ಲದಿದ್ದರೆ ಪಾರ್ಕಿನಲ್ಲಿ ಜೊತೆಗೆ ವಾಕಿಂಗ್ ಮಾಡುವವರನ್ನು, ಅವರೂ ಸಿಗದಿದ್ದರೆ ಕಟಿಂಗ್ ಶಾಪಿನವನನ್ನು. ಹೋಟೆಲಿಗೆ ಹೋದರೆ ಮೆನು ಎರಡು ಸಲ ಓದಿ, ಸಪ್ಲೈಯರನ್ನು ಏನು ಚೆನ್ನಾಗಿದೆ ಎಂದು ಕೇಳಿ, ಕೊನೆಗೆ ಪಕ್ಕದ ಟೇಬಲಿನವರ ತಟ್ಟೆ ನೋಡಿ "ಅದೇ ಕೊಡಿ" ಎನ್ನುವನು. ಮದುವೆಯಾದ ಹೊಸತರಲ್ಲಿ ವಾಣಿ ಇದನ್ನು ವಿನಯವೆಂದುಕೊಂಡಿದ್ದಳು. ಹಿರಿಯರೆಂದರೆ ಗೌರವ, ನಾಲ್ಕು ಜನರೆಂದರೆ ಪ್ರೀತಿ ಎಂದು ತವರಿನಲ್ಲಿ ಹೇಳಿಕೊಂಡೂ ಇದ್ದಳು. ಈಗ ಹಾಗನಿಸುತ್ತಿರಲಿಲ್ಲ. ಈ ಮನುಷ್ಯ ತಲೆಯನ್ನೂ ಕಟ್ಟಡದ ಹಾಗೆ ಬಾಡಿಗೆಗೆ ಬಿಟ್ಟಿದ್ದಾನೆ, ಒಳಗೆ ಯಾರು ಯಾರೋ ಮೂಟೆ ಇಳಿಸಿ ಹೋಗುತ್ತಾರೆ ಎಂದುಕೊಳ್ಳುತ್ತಿದ್ದಳು.

"ಎರಡೇ ದಿನ ಇರೋದು" ಎಂದಳು.

"ಇವತ್ ಸಾಯಂಕಾಲನೇ ಹೋಗ್ಬರಣ."

ದೊಡ್ಡಪ್ಪ ದೊಡ್ಡಬೈರಪ್ಪನವರ ಮನೆ ಬಸವನಗುಡಿಯಲ್ಲಿ. ಹಿಂದೊಮ್ಮೆ ಕಾರ್ಪೊರೇಷನ್ ಚುನಾವಣೆಗೆ ನಿಂತು ಸೋತವರು. ಸೋತ ಮೇಲೂ ಗೆದ್ದವರ ಹಾಗೆ ಬದುಕುವುದನ್ನು ಅವರಿಂದ ಕಲಿಯಬೇಕು. ಗರಿಗರಿ ಬಿಳಿ ಅಂಗಿ, ಬಿಳಿ ಪಂಚೆ. ಹಾಲ್‌ನಲ್ಲಿ ದೊಡ್ಡ ಸೋಫಾ ಅವರೊಬ್ಬರಿಗೆ, ಬಂದವರಿಗೆ ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿಗಳು. ಮನೆತನದವರು, ಊರಿನ ಕಡೆಯವರು, ಗೊತ್ತಿದ್ದವರಿಗೆ ಗೊತ್ತಿದ್ದವರು ಎಲ್ಲರೂ ಆ ಕುರ್ಚಿಗಳಲ್ಲಿ ಕುಳಿತು ತಮ್ಮ ಬದುಕನ್ನು ಅವರ ಮುಂದಿಟ್ಟು, ಅವರು ಹೇಳಿದ್ದನ್ನು ಎತ್ತಿಕೊಂಡು ಹೋಗುತ್ತಿದ್ದರು. ಅವರ ಮಾತು ಕೇಳಿ ಸ್ವಂತ ತಮ್ಮನೇ, ಶಶಿಕುಮಾರನ ಚಿಕ್ಕಪ್ಪ, ಚೆನ್ನಾಗಿ ನಡೆಯುತ್ತಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿ ಕಲ್ಯಾಣಮಂಟಪ ಕಟ್ಟಲು ಹೋಗಿ ಅರ್ಧಕ್ಕೆ ಕೈಬಿಟ್ಟಿದ್ದ. ಅವರ ಮಾತು ಕೇಳಿ ಮಗ ವಸಂತ್ ಇಷ್ಟಪಟ್ಟ ಹುಡುಗಿಯನ್ನು ಬಿಟ್ಟು, ಇಷ್ಟವಿಲ್ಲದವಳನ್ನು ಕಟ್ಟಿಕೊಂಡು, ಆ ಸಿಟ್ಟನ್ನು ದಿನವೂ ಅವಳ ಮೇಲೆ ತೀರಿಸಿಕೊಳ್ಳುತ್ತಿದ್ದ. ಆದರೂ ದೊಡ್ಡಬೈರಪ್ಪನವರ ಹೆಸರಿಗೆ ಒಂದು ಚೂರೂ ಮುಕ್ಕಾಗಿರಲಿಲ್ಲ. ಕೆಟ್ಟವರು ಅದನ್ನು ಹಣೆಬರಹವೆಂದರು. ಉದ್ಧಾರವಾದವರು ದೊಡ್ಡಪ್ಪನ ಆಶೀರ್ವಾದವೆಂದರು. ಎರಡರಲ್ಲೂ ದೊಡ್ಡಪ್ಪನಿಗೆ ನಷ್ಟವಿರಲಿಲ್ಲ.

ಅವರು ಫೋನನ್ನು ದೂರ ಹಿಡಿದು ಮಗುವಿನ ಫೋಟೊ ನೋಡಿದರು. ಅಂಗಡಿಯಲ್ಲಿ ತೆಂಗಿನಕಾಯಿ ತಿರುವಿ ನೋಡುವವರ ಹಾಗೆ ಫೋನನ್ನೇ ಒಂದು ಸಲ ತಿರುವಿದರು.

"ನಕ್ಷತ್ರ ಯಾವ್ದು?"

"ಗೊತ್ತಿಲ್ಲ ದೊಡ್ಡಮಾವ" ಎಂದಳು ವಾಣಿ. "ಬಸ್ ಸ್ಟ್ಯಾಂಡ್‌ನಲ್ಲಿ ಸಿಕ್ಕಿದ ಮಗು."

"ಹುಟ್ಟಿದ್ ಟೈಮ್ ಇಲ್ವಾ? ಯಾವ್ ಜನ ಅಂತಾನೂ ಇಲ್ವಾ?"

"ಇಲ್ಲ."

"ಹೆಣ್ಣು ಬೇರೆ" ಎಂದರು ದೊಡ್ಡಬೈರಪ್ಪ, ಅದು ಯಾರೋ ಮಾಡಿದ ತಪ್ಪೆನ್ನುವ ದನಿಯಲ್ಲಿ. ಬಳಿಕ ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದರು. ಹಾಗೆ ಕಣ್ಣು ಮುಚ್ಚಿದಾಗ ಅವರು ಯೋಚಿಸುತ್ತಿದ್ದಾರೆಂದು ಮನೆಯವರೆಲ್ಲ ನಂಬಿದ್ದರು. ಅವರ ಪಕ್ಕದಲ್ಲೇ ಟಿ.ವಿ. ಓಡುತ್ತಿತ್ತು, ಜಾಹೀರಾತು ಮುಗಿದು ನ್ಯೂಸ್ ಬಂದ ಕೂಡಲೇ ಅವರ ಕಣ್ಣು ತೆರೆದುಕೊಂಡಿದ್ದನ್ನು ವಾಣಿ ಮಾತ್ರ ಗಮನಿಸಿದಳು. "ಅವಸರ ಮಾಡೋ ಕೆಲಸ ಅಲ್ಲ ಶಶಿ. ನಮ್ ಜೋಯಿಸ್ರನ್ನ ಒಂದ್ಮಾತು ಕೇಳು. ಆಮೇಲ್ ನೋಡಣ."

ಚಾಮರಾಜಪೇಟೆಯ ಮನೆಗೆ ವಾಪಸಾದಾಗ ಅತ್ತೆ ಚಿಕ್ಕಮುನಿಯಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಅಯ್ಯೋ ಕಂದಾ, ಭುಜ ನೋಡು, ಮೂಳೆ ಕಾಣ್ತದೆ. ಕರ್ಕೊಂಡ್ ಬನ್ನಿ" ಎಂದುಬಿಟ್ಟಳು. ಮರುಕ್ಷಣವೇ ತಾನಾಡಿದ್ದು ಹೆಚ್ಚಾಯಿತೇನೋ ಎಂಬಂತೆ, "ಭಾವನೋರು ಏನಂದ್ರೋ?" ಎಂದು ಮಗನ ಮುಖ ನೋಡಿದಳು. ವಾಣಿಗೆ ನಗು ಬಂತು. ಎಪ್ಪತ್ತು ವರ್ಷದ ಹೆಂಗಸು ಒಂದು ಸ್ವಂತ ಮಾತಾಡಿ, ಅದು ಬಾಯಿಂದ ಬಿದ್ದ ಕೂಡಲೇ ಸೆರಗಿನಲ್ಲಿ ಒರೆಸಿಹಾಕಿದ್ದಳು.

ಜೋಯಿಸರು ಬುದ್ಧಿವಂತರು. ಮಗು ಹುಟ್ಟಿದ ಹೊತ್ತು ಗೊತ್ತಿಲ್ಲದಿದ್ದರೆ ಫೋಟೊ ಮೊದಲು ನೋಡಿದ ಹೊತ್ತಿಗೇ ಕುಂಡಲಿ ಹಾಕಬಹುದು ಎಂದರು. ಯಾರು ನೋಡಿದ ಹೊತ್ತು, ಹೆಂಡತಿಯೋ ಗಂಡನೋ ಎಂಬ ಪ್ರಶ್ನೆ ಬಂತು. ಗಂಡ ನೋಡಿದ್ದೇ ಲೆಕ್ಕ ಎಂದಾಯಿತು. ಶಶಿಕುಮಾರ್ ಯಾವಾಗ ನೋಡಿದ್ದೆಂದು ಅವನಿಗೇ ಸರಿಯಾಗಿ ನೆನಪಿರಲಿಲ್ಲ. ಮಾರನೆಯ ಬೆಳಗ್ಗೆ ಅವನು ಪಾರ್ಕಿನಲ್ಲಿ ನಾಲ್ವರನ್ನು ಕೇಳಿದ. ಒಬ್ಬರು ಪುಣ್ಯದ ಕೆಲಸ ಎಂದರು. ಇನ್ನೊಬ್ಬರು ತಮ್ಮ ಷಡ್ಡಕನ ಕಡೆಯವರು ಸಾಕಿದ ಹುಡುಗನೊಬ್ಬ ಮನೆ ಬಿಟ್ಟು ಹೋದ ಕಥೆ ಹೇಳಿದರು. ಮತ್ತೊಬ್ಬರು ರಕ್ತದ ಗುಣ ಎಂದರು. ಅವರ ಸ್ವಂತ ರಕ್ತದ ಇಬ್ಬರು ಗಂಡುಮಕ್ಕಳು ಕೋರ್ಟಿನಲ್ಲಿ ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡಿದ್ದು ಇಡೀ ಪಾರ್ಕಿಗೆ ಗೊತ್ತಿದ್ದ ವಿಷಯ.

"ಒಬ್ಬೊಬ್ರು ಒಂದೊಂಥರ ಹೇಳ್ತಾರೆ" ಎಂದು ಶಶಿಕುಮಾರ್ ಬಂದು ಕುಳಿತ. ಮುಖದಲ್ಲಿ ನಿಜವಾದ ಸಂಕಟವಿತ್ತು.

"ನಿಮಗೇನ್ ಅನ್ಸುತ್ತೆ?"

"ಅದೇ, ಒಬ್ಬೊಬ್ರು ಒಂದೊಂಥರ..."

ವಾಣಿ ಇನ್ನೊಂದು ಸಲ ಕೇಳಲಿಲ್ಲ. ಇಂಥವರ ಬಾಯಿ ಬಿಡಿಸುವುದು ತನ್ನ ಕೆಲಸವಲ್ಲ ಎನಿಸಿತು. ತುಟಿ ಬಿಗಿದುಕೊಂಡು ಕೆಲಸಕ್ಕೆ ಹೊರಟುಹೋದಳು. ಅಂದು ಸಂಜೆ ಜೋಯಿಸರು ದೊಡ್ಡಬೈರಪ್ಪನವರಿಗೂ, ದೊಡ್ಡಬೈರಪ್ಪನವರು ಶಶಿಕುಮಾರನಿಗೂ ಫೋನ್ ಮಾಡಿ, ಅಮಾವಾಸ್ಯೆ ಕಳೆಯಲಿ ಎಂದರು. ಅಮಾವಾಸ್ಯೆ ಕಳೆಯಿತು. ಅದಕ್ಕೂ ಮೊದಲೇ ಗಡುವು ಕಳೆದಿತ್ತು.

ಮುಂದಿನ ವಾರ ವಾಣಿ ದತ್ತು ಕಚೇರಿಗೆ ತಾನೊಬ್ಬಳೇ ಹೋದಳು. ಅಲ್ಲಿದ್ದ ಶಿವಕುಮಾರಿ ಎಂಬ ಸಮಾಜ ಕಾರ್ಯಕರ್ತೆ ಹೆಸರು ನೋಂದಾಯಿಸಿದಾಗ ಇವರ ಮನೆ ಪರಿಶೀಲಿಸಲು ಬಂದಿದ್ದವರು. ಕೂರಿಸಿ ನೀರು ಕೊಟ್ಟು, "ಆ ಮಗು ಬೇರೆಯವ್ರಿಗೆ ಆಯ್ತು ಮೇಡಂ. ಅವ್ರು ಅವತ್ತೇ ಹೂಂ ಅಂದ್ರು" ಎಂದರು. ಅವರ ದನಿಯಲ್ಲಿ ಬೈಗುಳವಿರಲಿಲ್ಲ. ಆದರೂ ಆ "ಅವತ್ತೇ" ಎಂಬ ಮಾತು ವಾಣಿಯ ಕೆನ್ನೆಗೆ ಬಿತ್ತು.

ಮನೆಗೆ ಬಂದರೆ ಶಶಿಕುಮಾರ್ ಮಲ್ಲಿಗೆ ದಂಡೆ, ಸ್ವೀಟ್ ಬಾಕ್ಸ್ ತಂದಿಟ್ಟುಕೊಂಡು ಕಾಯುತ್ತಿದ್ದ. "ನಮ್ ಹಣೇಲಿ ಬರ್ದಿರ್ಲಿಲ್ಲ ಅದು. ದೊಡ್ಡಪ್ಪನೂ ಅದೇ ಅಂದ್ರು" ಎಂದ. ವಾಣಿ ಬಾಕ್ಸನ್ನು ಹಾಗೇ ಎತ್ತಿ ಕೆಳಗೆ ಬಾಡಿಗೆಗಿದ್ದ ಟೈಲರ್ ಮನೆಗೆ ಕೊಟ್ಟು ಬಂದಳು. ಅಂದಿನಿಂದ ಆ ಮನೆಯಲ್ಲಿ ಅವಳ ಮುಖದಲ್ಲಿ ಒಂದು ಬಗೆಯ ನಗು ನೆಲೆ ನಿಂತಿತು. ಗಂಡ ಶರ್ಟ್ ತೋರಿಸಿ ಇದಾ ಅದಾ ಎಂದರೆ ಆ ನಗು, ಅತ್ತೆ ಸಾರಿಗೆ ಉಪ್ಪು ಸಾಕಾ ಎಂದರೆ ಆ ನಗು. ಹಬ್ಬಕ್ಕೆ ಬಸವನಗುಡಿಗೆ ಹೋದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಲಾಗಿ ಕುಳಿತ ದೊಡ್ಡ ದೊಡ್ಡ ಗಂಡಸರನ್ನು ನೋಡಿ, ಇವರೆಲ್ಲ ಇನ್ನೂ ತಾಯಿಯ ಹಾಲು ಬಿಟ್ಟಿಲ್ಲ ಎಂದುಕೊಳ್ಳುವಳು. ಅದರಲ್ಲಿ ಒಂದು ಸುಖವಿತ್ತು. ಎಲ್ಲರಿಗಿಂತ ತಾನು ಮೇಲೆ ನಿಂತಿದ್ದೇನೆನ್ನುವ ಸುಖ.

ಒಂದು ದಿನ ಔಷಧಿ ಅಂಗಡಿಗೆ ಬಂದ ಹೆಂಗಸೊಬ್ಬಳು ಮಗುವಿಗೆ ಕೆಮ್ಮಿನ ಸಿರಪ್ಪು ಕೇಳಿದಳು. ಪಕ್ಕದ ಮನೆಯವರು ಈ ಹೆಸರಿನದೇ ಒಳ್ಳೆಯದು ಅಂದರಂತೆ. ವಾಣಿ ಮಗುವಿನ ಮುಖ ನೋಡಿ, "ಇದು ಕೊಡಲ್ಲ. ಮಗೂಗೆ ಉಸಿರಾಟ ಕಷ್ಟ ಆಗ್ತಿದೆ, ಒಳಗೆ ಡಾಕ್ಟ್ರಿಗೆ ತೋರಿಸಿ" ಎಂದು ಖಡಾಖಂಡಿತವಾಗಿ ಹೇಳಿದಳು. ಹೆಂಗಸು ಗೊಣಗಿದಳು, ಕೊನೆಗೆ ಒಳಗೆ ಹೋದಳು. ಆಗ ವಾಣಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇಲ್ಲಿ ಯಾರ ಮಗುವಿಗೋ ನಾನು ಹೀಗೆ ಗಟ್ಟಿಯಾಗಿ ನಿಲ್ಲುತ್ತೇನೆ. ಅಲ್ಲಿ ಯಶಶ್ರೀಗೆ ಗಡುವು ಮುಗಿಯುತ್ತಿದ್ದಾಗ ತುಟಿ ಬಿಗಿದುಕೊಂಡು ಕೆಲಸಕ್ಕೆ ಬಂದಿದ್ದೆ. ಕೂಗಬಹುದಿತ್ತು, ಫೋನನ್ನೇ ಗಂಡನ ಕೈಗೆ ತುರುಕಿ ಈಗಲೇ ಒಪ್ಪಿಗೆ ಕಳಿಸಿ ಎನ್ನಬಹುದಿತ್ತು. ಅವರನ್ನು ತಿರಸ್ಕರಿಸಿದ್ದೇ ದೊಡ್ಡದೆಂದು ಸುಮ್ಮನಿದ್ದೆ. ಕುರ್ಚಿಯಲ್ಲಿ ಕೂತವರಿಗೂ ನನಗೂ ಏನು ವ್ಯತ್ಯಾಸ? ಅವರು ಕೇಳುತ್ತಾ ಕೂತರು, ನಾನು ನಗುತ್ತಾ ಕೂತೆ.

ಒಂದು ವರ್ಷದ ಮೇಲೆ ಇನ್ನೊಂದು ಫೋಟೊ ಬಂತು. ಈ ಸಲ ಐದು ವರ್ಷದ ಹುಡುಗ, ಒಂದು ಕಿವಿಗೆ ಮೆಷಿನ್ ಹಾಕಿಕೊಂಡಿದ್ದ. ಭಾನುವಾರ ಬೆಳಗ್ಗೆ. ಚಿಕ್ಕಮುನಿಯಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ವಾಣಿ ಒಲೆ ಆರಿಸಿ, ಕೈ ಒರೆಸಿಕೊಂಡು ಗಂಡನ ಎದುರು ಬಂದು ಕುಳಿತಳು.

"ನಾನು ನಿರ್ಧಾರ ಮಾಡಿದೀನಿ. ಏನಂತ ಹೇಳಲ್ಲ. ನೀವು ನಿಮ್ದು ಹೇಳಿ."

ಶಶಿಕುಮಾರ್ ಮೊದಲು ನಕ್ಕ. ಬಳಿಕ, "ನೀನು ಹೇಳ್ದಂಗೇನೇ ಆಗ್ಲಿ. ಈ ಸಲ ಯಾರನ್ನೂ ಕೇಳಲ್ಲ, ಸರೀನಾ?" ಎಂದ. ದೊಡ್ಡ ತ್ಯಾಗ ಮಾಡಿದವನ ಮುಖವಾಗಿತ್ತು ಅದು.

"ನಾನು ನಿಮ್ಮ ದೊಡ್ಡಪ್ಪ ಅಲ್ಲ."

"ಅಂದ್ರೆ?"

"ಇಷ್ಟು ದಿನ ಅವ್ರು ಹೇಳ್ದಂಗೆ, ಇನ್ಮೇಲೆ ನಾನ್ ಹೇಳ್ದಂಗೆ. ಕುರ್ಚಿ ಅದೇ, ಸೋಫಾದಲ್ಲಿ ಕೂತಿರೋರು ಬೇರೆ. ಅದು ನಂಗ್ ಬೇಡ. ನಾಳೆ ಮಗು ಜ್ವರ ಬಂದು ಅತ್ತಾಗ, ಸ್ಕೂಲಲ್ಲಿ ಹೊಡೆದಾಡ್ಕೊಂಡು ಬಂದಾಗ, ನೀನ್ ಹೇಳ್ದೆ ಅಂತ ತಂದ್ವಿ ಅಂತೀರಾ. ನನಗೆ ನಿಮ್ಮ ಒಪ್ಪಿಗೆ ಬೇಡ ರೀ, ನಿಮ್ಮ ಮಾತು ಬೇಕು. ನಿಮ್ದೇ ಮಾತು."

"ಸ್ವಲ್ಪ ಹಿಂಟ್ ಆದ್ರೂ ಕೊಡು."

ವಾಣಿಗೆ ಮೈಯೆಲ್ಲ ಉರಿದುಹೋಯಿತು. "ಎದ್ದು ಹೋಗಿ. ಎಲ್ಲಿಗಾದ್ರೂ ಹೋಗಿ. ಒಬ್ರೇ ಕೂತು ಯೋಚ್ನೆ ಮಾಡಿ ಬಂದು ಹೇಳಿ."

ಅವನು ಚಪ್ಪಲಿ ಹಾಕಿಕೊಂಡು ಹೋದ. ನೇರ ಬಸವನಗುಡಿಗೇ ಹೋಗಿರುತ್ತಾನೆ ಎಂದುಕೊಂಡಳು ವಾಣಿ. ಇನ್ನು ಸ್ವಲ್ಪ ಹೊತ್ತಿಗೆ ದೊಡ್ಡಬೈರಪ್ಪನವರ ಫೋನ್ ಬರುತ್ತದೆ, ಏನಮ್ಮಾ ಗಂಡನ್ನ ಮನೆಯಿಂದ ಆಚೆಗ್ ಹಾಕಿದ್ಯಂತೆ ಎನ್ನುತ್ತಾರೆ. ಫೋನ್ ಬರಲಿಲ್ಲ. ಮಧ್ಯಾಹ್ನ ಚಿಕ್ಕಮುನಿಯಮ್ಮ ಮಗನಿಗೆ ಫೋನ್ ಮಾಡಲು ಹೋದರೆ ಅವನ ಫೋನ್ ಮಂಚದ ಮೇಲೇ ಮೊಳಗಿತು. ಅದನ್ನು ಬಿಟ್ಟು ಅವನು ಬಚ್ಚಲಿಗೂ ಹೋಗುತ್ತಿರಲಿಲ್ಲ. ವಾಣಿಗೆ ಮೊದಲ ಬಾರಿ ಸ್ವಲ್ಪ ಭಯವಾಯಿತು.

ಸಂಜೆ ಬಂದ. ಅಂಗಿಯ ಬೆನ್ನಿಗೆಲ್ಲ ಬೇಳೆಯ ಧೂಳು ಮೆತ್ತಿತ್ತು. ಭಾನುವಾರವಾದ್ದರಿಂದ ತರಗುಪೇಟೆಯಲ್ಲಿ ಗೋಡೌನುಗಳು ಮುಚ್ಚಿದ್ದವಂತೆ. ಮೇಲಿನ ಅಂತಸ್ತಿನ ಬೀಗ ತೆಗೆದು, ಮೂಟೆಗೆ ಒರಗಿ ಕೂತಿದ್ದನಂತೆ. ನಿಂತುಕೊಂಡೇ ಹೇಳಿದ.

"ಬೇಡ."

"ಈ ಮಗು ಬೇಡ್ವಾ?"

"ಮಗೂನೇ ಬೇಡ, ವಾಣಿ. ಯಾವತ್ತೂ ಬೇಕಾಗಿರ್ಲಿಲ್ಲ ನಂಗೆ. ಆಸ್ಪತ್ರೆಗೆ ಹೋಗೋವಾಗ್ಲೂ ಆಗ್ದೇ ಇರ್ಲಿ ಅನ್ಕೊಂತಿದ್ದೆ. ಎಲ್ರೂ ಬೇಕು ಬೇಕು ಅಂತಿದ್ರು, ನೀನೂ ಅಷ್ಟು ಆಸೆ ಪಡ್ತಿದ್ದೆ. ನಾನ್ ಹೆಂಗ್ ಬೇಡ ಅನ್ಲಿ?"

ವಾಣಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮಂಚದ ಅಂಚಿಗೆ ಕೂತಳು. "ಅದಕ್ಕೇ ಅಷ್ಟು ಜನರನ್ನ ಕೇಳ್ತಿದ್ರಾ?"

"ಯಾರಾದ್ರೂ ಒಬ್ರು ಬೇಡ ಅಂತಾರೆ ಅಂತ."

ಅವನಿಗೆ ತನ್ನ ಮನಸ್ಸು ತಿಳಿಯದೇ ಇರಲಿಲ್ಲ, ಹಾಗಾದರೆ. ಚೆನ್ನಾಗಿಯೇ ತಿಳಿದಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಇನ್ನೊಬ್ಬರ ಬಾಯಿ ಹುಡುಕುತ್ತಾ ಪಾರ್ಕಿನಿಂದ ಬಸವನಗುಡಿಗೆ, ಬಸವನಗುಡಿಯಿಂದ ಜೋಯಿಸರ ಮನೆಗೆ ಅಲೆದಿದ್ದ. ಅವಳ ಹೊಟ್ಟೆಗೆ ಚುಚ್ಚಿದ ಒಂದೊಂದು ಇಂಜೆಕ್ಷನ್ನಿಗೂ ಪಕ್ಕದಲ್ಲಿ ಕೈ ಹಿಡಿದುಕೊಂಡು ಕೂತಿದ್ದ ಈ ಮನುಷ್ಯ. ವಾಣಿಗೆ ಅವನ ಮೇಲೆ ಉಗಿಯಬೇಕೆನಿಸಿತು. ಆದರೆ ಅದೇ ಹೊತ್ತಿಗೆ, ಧೂಳು ಮೆತ್ತಿದ ಅಂಗಿಯಲ್ಲಿ ನಿಂತು ಕೊನೆಗೂ ಒಂದು ಮಾತನ್ನು ತನ್ನದೆಂದು ಹೇಳಿದವನನ್ನು ನೋಡಿ, ಇಷ್ಟು ವರ್ಷದಲ್ಲಿ ಮೊದಲ ಸಲ ಎದುರಿಗೆ ಒಬ್ಬ ಮನುಷ್ಯ ನಿಂತಿದ್ದಾನೆ ಎಂದೂ ಅನಿಸಿತು.

"ನಂದು ಹೂಂ ಅಂತ" ಎಂದಳು. "ನಿಮ್ಗೆ ಗೊತ್ತೇ ಇತ್ತು."

"ಗೊತ್ತಿತ್ತು."

ಆ ರಾತ್ರಿ ಇಬ್ಬರೂ ಜಗಳವಾಡಲಿಲ್ಲ. ಜಗಳವಾಡಲು ಏನೂ ಉಳಿದಿರಲಿಲ್ಲ. ಕೆಲವು ದಿನ ಕಳೆದ ಮೇಲೆ ವಾಣಿ ತಾನು ಬೇರೆಯಾಗುತ್ತೇನೆಂದಳು. ಶಶಿಕುಮಾರ್ ತಲೆ ತಗ್ಗಿಸಿ ಕೇಳಿಸಿಕೊಂಡ. ಸುದ್ದಿ ಬಸವನಗುಡಿ ಮುಟ್ಟಿತು, ಕರೆ ಬಂತು.

ಹಾಲ್ ತುಂಬಿತ್ತು. ಇಂಥ ಕಾರ್ಯವನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ದೊಡ್ಡಬೈರಪ್ಪನವರು ಎಲ್ಲರಿಗೂ ಕಾಫಿ ಬರುವವರೆಗೆ ಕಾದು, ಗಂಟಲು ಸರಿಮಾಡಿಕೊಂಡರು.

"ನೋಡಮ್ಮಾ, ಮನೆ ಅಂದ್ಮೇಲೆ ಒಂದ್ ಮಾತು ಬರ್ತದೆ, ಒಂದ್ ಮಾತು ಹೋಯ್ತದೆ. ನಿಂಗೆ ಮಗು ತಾನೇ ಬೇಕು? ನಮ್ ವಸಂತಂದು ಎರಡನೇದು ಅದೆ. ಅದನ್ನೇ ಬರ್ಕೊಡ್ತೀವಿ. ನಮ್ ರಕ್ತ ನಮ್ಮಲ್ಲೇ ಇರ್ತದೆ, ಆಸ್ತೀನೂ ನಮ್ಮಲ್ಲೇ ಇರ್ತದೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವಸಂತನ ಹೆಂಡತಿಯ ಮುಖ ಬಿಳಿಚಿಕೊಂಡಿತು. ಅವಳನ್ನು ಯಾರೂ ಕೇಳಿರಲಿಲ್ಲ. ವಸಂತ್ ಕಾಫಿ ಲೋಟದೊಳಗೆ ನೋಡುತ್ತಿದ್ದ. ತನ್ನ ಮಗುವನ್ನು ಹಾಲ್‌ನಲ್ಲಿ ಹಂಚುತ್ತಿದ್ದರೂ ಅವನಿಗೆ ಲೋಟದಿಂದ ತಲೆಯೆತ್ತಲು ಅಪ್ಪಣೆ ಬೇಕಿತ್ತು.

"ನೀವು ಅವಳನ್ನ ಕೇಳಿದ್ರಾ ದೊಡ್ಡಮಾವ?" ವಾಣಿ ಬಾಗಿಲ ಕಡೆ ಕೈ ತೋರಿಸಿದಳು.

"ಅವ್ಳನ್ನೇನ್ ಕೇಳದು?"

"ಸರಿ. ನಾನೂ ನಿಮ್ಮನ್ನ ಕೇಳೋಕೆ ಬಂದಿಲ್ಲ. ಹೇಳಿ ಹೋಗೋಕೆ ಬಂದೆ. ಮುಂದಿನ ತಿಂಗಳು ಬೇರೆ ಮನೆಗೆ ಹೋಗ್ತಿದೀನಿ." ಅವಳು ಎದ್ದಳು. ಗೋಡೆಗುಂಟ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಏನಾದರೂ ಹೇಳಬೇಕೆಂದು ಬಾಯಿಗೆ ಬಂದಿತ್ತು, ಹೇಳುವಷ್ಟು ಬೆಲೆ ಅವರಿಗಿಲ್ಲ ಎನಿಸಿ ಸುಮ್ಮನೆ ಹೊರಬಿದ್ದಳು.

"ನೋಡ್ತೀನಿ, ಎಷ್ಟ್ ದಿನ ಇರ್ತಾಳೆ ಅಂತ" ಎಂಬ ದೊಡ್ಡಬೈರಪ್ಪನವರ ಮಾತು ಗೇಟಿನವರೆಗೂ ಕೇಳಿಸಿತು. ಹಿಂದೆಯೇ ಎಲ್ಲರೂ ಹೌದು ಹೌದೆಂದದ್ದೂ.

ಶಂಕರಪುರಂನಲ್ಲಿ ಒಂದು ಹಳೆಯ ಮನೆಯ ಮೇಲಿನ ಪೋರ್ಷನ್ ಬಾಡಿಗೆಗೆ ಸಿಕ್ಕಿತು. ವಿಚ್ಛೇದನ ಆಗುವವರೆಗೆ ಕಾಯಬೇಕಾಯಿತು. ಒಂಟಿ ಹೆಣ್ಣಾಗಿ ಮತ್ತೆ ಹೆಸರು ನೋಂದಾಯಿಸಿ ಮತ್ತೆ ಕಾಯಬೇಕಾಯಿತು. ಶಶಿಕುಮಾರ್ ಯಾವುದಕ್ಕೂ ಅಡ್ಡಿ ಮಾಡಲಿಲ್ಲ. ಅವನ ಆ ಒಂದು "ಬೇಡ"ವನ್ನು ವಾಣಿ ಮನಸ್ಸಿನಲ್ಲಿ ಒಂದಿಷ್ಟು ಮರ್ಯಾದೆ ಕೊಟ್ಟೇ ಇಟ್ಟುಕೊಂಡಿದ್ದಳು.

ಆರಾಧನಾ ಬಂದಾಗ ಎಂಟು ವರ್ಷದವಳು. ದೊಡ್ಡ ಮಗು ಹೊಂದಿಕೊಳ್ಳುವುದು ಕಷ್ಟ ಎಂದು ಶಿವಕುಮಾರಿ ಮೊದಲೇ ಎಚ್ಚರಿಸಿದ್ದರು. ಕಷ್ಟ ಎಂಬ ಮಾತು ಸಾಲಲಿಲ್ಲ. ಹುಡುಗಿ ಚಪಾತಿಗಳನ್ನು ದಿಂಬಿನ ಕೆಳಗೆ ಬಚ್ಚಿಡುವಳು. ವಾಣಿ ತಲೆ ಬಾಚಲು ಹೋದರೆ ಕೈ ಕಚ್ಚುವಳು. ಕೋಪ ಬಂದಾಗ "ನೀನು ನಮ್ಮಮ್ಮ ಅಲ್ಲ" ಎಂದು ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುವಳು. ತವರಿನ ಕಡೆಯವರು ಫೋನ್ ಮಾಡಿ, ಇನ್ನೂ ಕಾಲ ಮಿಂಚಿಲ್ಲ, ವಾಪಸ್ ಕಳಿಸೋಕೆ ಆಗುತ್ತಾ ವಿಚಾರಿಸು ಎಂದರು. ಕೆಳಗಿನ ಮನೆಯವರು ಒಂದು ಹೋಮ ಸೂಚಿಸಿದರು. ನರ್ಸಿಂಗ್ ಹೋಮಿನ ಆಯಾ ಎರಡು ಏಟು ಬಿಗಿ ಎಂದಳು. ವಾಣಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿದಳು. ಒಂದು ಸಂಜೆ, ಹುಡುಗಿ ಹಾಲಿದ್ದ ಗಾಜಿನ ಲೋಟವನ್ನು ಗೋಡೆಗೆಸೆದ ಮೇಲೆ, ನೆಲ ಒರೆಸುತ್ತಾ ಅವಳಿಗೆ ಜೋರಾಗಿ ಅಳು ಬಂತು. ನಾನು ತಪ್ಪು ಮಾಡಿದೆನೇ? ಇರಬಹುದು. ದೊಡ್ಡಬೈರಪ್ಪನವರ ಸೋಫಾ ಯಾಕೆ ಅಷ್ಟು ಜನರಿಗೆ ಬೇಕಾಗಿತ್ತೆಂದು ಅವಳಿಗೆ ಅವತ್ತು ಗೊತ್ತಾಯಿತು. ಇಂಥ ಹೊತ್ತಿನಲ್ಲಿ ಇವರು ಹೇಳಿದ್ದಕ್ಕೇ ಹೀಗಾಯಿತು ಎಂದು ಬೊಟ್ಟು ಮಾಡಿ ತೋರಿಸಲು ಒಬ್ಬರಿದ್ದರೆ ಎಷ್ಟು ಹಗುರ. ಬಟ್ಟೆ ಹಿಂಡಿ ಮತ್ತೆ ಒರೆಸಿದಳು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಬಂದು, "ಅಲ್ಲಿ ಗಾಜಿದೆ, ಬಿಟ್ಬಿಟ್ರಿ" ಎಂದು ತೋರಿಸಿದಳು.

ಅದರ ಮುಂದಿನ ಜೂನ್‌ನಲ್ಲಿ ಶಾಲೆಯ ಶೂ ಕೊಳ್ಳಲು ಇಬ್ಬರೂ ಗಾಂಧಿ ಬಜಾರಿಗೆ ಹೋಗಿದ್ದರು. ಹೂವಿನ ಅಂಗಡಿಗಳ ಹತ್ತಿರ ಯಾರೋ "ವಾಣಿ" ಎಂದರು. ತಿರುಗಿದರೆ ಶಶಿಕುಮಾರ್. ಸ್ವಲ್ಪ ದಪ್ಪಗಾಗಿದ್ದ. ಎದೆಗೆ ಕಟ್ಟಿಕೊಂಡ ಚೀಲದಲ್ಲಿ ಆರು ತಿಂಗಳ ಮಗು ನಿದ್ದೆ ಮಾಡುತ್ತಿತ್ತು. ಪಕ್ಕದಲ್ಲಿ ಚಿಕ್ಕ ವಯಸ್ಸಿನ ಹೆಂಡತಿ ಹೂವಿಗೆ ಚೌಕಾಸಿ ಮಾಡುತ್ತಿದ್ದಳು.

ವಾಣಿ ಮಗುವನ್ನು ನೋಡಿದಳು. ಅವನ ಮುಖ ನೋಡಿದಳು.

"ಗಂಡು ಮಗು" ಎಂದ ಶಶಿಕುಮಾರ್. ಬಳಿಕ ಅವಳ ನೋಟಕ್ಕೆ ಉತ್ತರ ಕೊಡಬೇಕೆನಿಸಿತೇನೋ, ದನಿ ತಗ್ಗಿಸಿ, "ದೊಡ್ಡಪ್ಪ ಬಿಡ್ಲಿಲ್ಲ ವಾಣಿ. ಮನೆತನ ನಿಂತೋಗುತ್ತೆ ಅಂದ್ರು. ಅಮ್ಮನೂ ಅಳ್ತಿದ್ಳು. ಏನ್ ಮಾಡ್ಲಿ?" ಎಂದ.

ಮೂಟೆಗಳ ನಡುವೆ ಒಂದು ದಿನವೆಲ್ಲ ಕೂತು ಅವನು ಹುಡುಕಿ ತಂದಿದ್ದ ಆ ಒಂದು ಮಾತು ಕೂಡ ಅವನಲ್ಲಿ ಬಾಳಲಿಲ್ಲ. ಅದಕ್ಕಾಗಿ ಒಂದು ಮದುವೆ ಮುರಿದಿತ್ತು, ಕಿವಿಗೆ ಮೆಷಿನ್ ಹಾಕಿದ ಒಬ್ಬ ಹುಡುಗ ಬೇರೆ ಯಾರದೋ ಸರದಿಗೆ ಹೋಗಿದ್ದ. ಈಗ ಅವನ ಎದೆಯ ಮೇಲೆ, ಅವನಿಗೆ ಬೇಡವಾದ ಒಂದು ಮಗು, ಇನ್ನೊಬ್ಬರು ಬೇಕೆಂದದ್ದಕ್ಕೆ ಹುಟ್ಟಿ, ಬಾಯಿ ತೆರೆದು ಮಲಗಿತ್ತು. ವಾಣಿಗೆ ಕೋಪ ಬರಲಿಲ್ಲ. ಕಾಲಡಿ ಏನೋ ಸಿಕ್ಕಿದಾಗ ಹೆಜ್ಜೆ ಪಕ್ಕಕ್ಕಿಡುವಂತೆ ಮನಸ್ಸು ಅವನನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ಮಗುವಿನ ಮೇಲೆ ಮಾತ್ರ ಕನಿಕರವಾಯಿತು.

"ಇವ್ಳು..." ಎಂದ ಅವನು, ಆರಾಧನಾಳ ಕಡೆ ನೋಡಿ.

"ನನ್ನ ಮಗಳು."

"ಚೆನ್ನಾಗಿದಾಳೆ. ಒಳ್ಳೇದಾಯ್ತು ಬಿಡು. ನಾನೂ ಆಗ ಹೂಂ ಅಂದಿದ್ರೆ..." ಅವನು ಮಾತು ನಿಲ್ಲಿಸಿ ಅವಳ ಮುಖ ನೋಡಿದ. ಹೌದು ಎನ್ನಲೆಂದೋ, ಇಲ್ಲ ಎನ್ನಲೆಂದೋ ಕಾಯುತ್ತಿದ್ದ. ವಾಣಿ ಎರಡೂ ಹೇಳಲಿಲ್ಲ.

"ಅಮ್ಮಾ, ಅಂಗಡಿ ರಷ್ ಆಗುತ್ತೆ" ಎಂದು ಆರಾಧನಾ ಅವಳ ಕೈ ಜಗ್ಗಿದಳು. ಕಟ್ಟಿದ ಹೂವಿನ ಚಂಡು, ಬಾಳೆಎಲೆ, ತರಕಾರಿ ಬುಟ್ಟಿಗಳ ನಡುವೆ ದಾರಿ ಮಾಡಿಕೊಳ್ಳುತ್ತಾ ಹುಡುಗಿ ಮುಂದೆ ಹೊರಟಳು. ವಾಣಿ ಅವಳ ಹಿಂದೆ ಬೇಗಬೇಗ ನಡೆದಳು. ಶೂ ಅಂಗಡಿಯಲ್ಲಿ ಆಗಲೇ ಜನ ತುಂಬಿದ್ದರು.